ಚತುಸ್ತಾಲ್ಲೂಕು ಅದ್ಭುತವಾರ್ತಾ ಮೀಮಾಂಸೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಐತಿಹ್ಯಗಳನ್ನೂ ಪರದೇಶದ ಮಾಯಾಕಥೆಗಳನ್ನೂ ಕಲೆಹಾಕಿ, ನಾಲ್ಕು ಪುಟದ ತಿಂಗಳೋಲೆ ಬರೆದು, ಜೆರಾಕ್ಸ್ ಮಾಡಿಸಿ ಹಂಚುವವನಿಗೆ ಒದಗುವ ಸಂಕಟಗಳ ಶಾಸ್ತ್ರೀಯ ನಿರೂಪಣೆಯೇ ಈ ಪ್ರಬಂಧದ ಉದ್ದೇಶ. ಹಾಗೆ ಹಂಚುವವನು ಪ್ರಬಂಧಕಾರನೇ ಆದ್ದರಿಂದ ಕ್ಷೇತ್ರಕಾರ್ಯಕ್ಕೆ ಬಸ್ ಚಾರ್ಜು ತಗಲಿಲ್ಲ.

ಮೊದಲು ಪೂರ್ವಸೂರಿಗಳು. ಈ ಪ್ರಕಾರದ ಆದಿ ಸಂಪಾದಕಿ ಅಲಮೇಲಮ್ಮ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ, ಒಡವೆಗಾಗಿ ಬೆನ್ನಟ್ಟಿದವರಿಗೆ ಆಕೆ ಕೊಟ್ಟಳೆನ್ನುವ ಶಾಪದಲ್ಲಿ ಮೂರೇ ಸುದ್ದಿ: ತಲಕಾಡಿನ ಮರಳು, ಮಾಲಂಗಿಯ ಮಡು, ಅರಸರ ಸಂತಾನ. ಹೊರಬಂದದ್ದು ಒಂದೇ ಸಂಚಿಕೆ; ನಾನೂರು ವರ್ಷ ಕಳೆದರೂ ಓದುಗರು ಬಿಟ್ಟಿಲ್ಲ. ಎರಡನೆಯವರು ರಾಮಾನುಜರು. ತೊಣ್ಣೂರಿನಲ್ಲಿ ತೆರೆಯ ಮರೆಗೆ ಕೂತು, ಸಾವಿರ ಹೆಡೆಯ ಆದಿಶೇಷನಾಗಿ ಸಾವಿರ ಜೈನ ಪಂಡಿತರಿಗೆ ಒಟ್ಟೊಟ್ಟಿಗೇ ಉತ್ತರ ಕೊಟ್ಟರಂತೆ. ಓದುಗರ ಪತ್ರಕ್ಕೆ ಉತ್ತರಿಸುವವನಿಗೆ ಇದು ಕನಿಷ್ಠ ವಿದ್ಯಾರ್ಹತೆ. ಇನ್ನು 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ದ ಬೇತಾಳ ತಿಂಗಳು ತಿಂಗಳೂ ಮರಕ್ಕೆ ಮರಳುತ್ತಿದ್ದುದು ಚಂದಾ ನವೀಕರಣಕ್ಕೆ ಎಂಬುದು ನಮ್ಮ ಮತ.

ಈಗ ಮುಖ್ಯ ಪ್ರಮೇಯ. ಪರದೇಶದ ಸುಳ್ಳಿಗೆ ಯಾರ ತಕರಾರೂ ಇಲ್ಲ. ಸ್ವಂತ ಊರಿನ ಸುಳ್ಳಿಗೆ ಸರ್ವೇ ನಂಬರು ಬೇಕು. ಬೆಂಕಿ ಕಾರುವ ಡ್ರ್ಯಾಗನ್ನಿನ ಮೇಲೆ ಮೂರು ಸಂಚಿಕೆ ಬರೆದೆ, ಯಾರೂ ಚಕಾರ ಎತ್ತಲಿಲ್ಲ. ಆದಿಚುಂಚನಗಿರಿಯಲ್ಲಿ ಶಿವ ಕೊಂದ ರಾಕ್ಷಸರನ್ನು ‘ಕಂಚ, ಚುಂಚ’ ಎಂದು ಬರೆದದ್ದೇ ತಡ, ನಾಗಮಂಗಲದಿಂದ ಎರಡು ಬೈಕಿನಲ್ಲಿ ನಾಲ್ವರು ಬಂದಿಳಿದರು. “ಚುಂಚ ಮೊದ್ಲು ಬರ್ಬೇಕು ಸಾ. ಬೆಟ್ಟಕ್ಕೆ ಯಾರ್ ಹೆಸ್ರು ಮಡಗವ್ರೆ ನೋಡಿ.” ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಜೀವಮಾನವಿಡೀ ಹಾಡು, ಕಥೆ ಕೂಡಿಹಾಕಿ ‘ಜಾನಪದ ಲೋಕ’ವನ್ನು ರಾಮನಗರದ ಹತ್ತಿರ ಏಕೆ ಕಟ್ಟಿದರೆಂಬುದು ಆಗ ಹೊಳೆಯಿತು. ಕೆ.ಆರ್. ಪೇಟೆಯ ಕಡೆಯಿಂದ ಆಕ್ಷೇಪ ಕಡಿಮೆ. ಆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ‘ದೇವರು’ ಬರೆದು ಆಕ್ಷೇಪಗಳನ್ನೆಲ್ಲ ಸಗಟಾಗಿ ಮುಗಿಸಿಟ್ಟಿದ್ದಾರೆ.

ತೌಲನಿಕ ಅಧ್ಯಯನವಿಲ್ಲದೆ ಪ್ರಬಂಧಕ್ಕೆ ಮರ್ಯಾದೆಯಿಲ್ಲ. ಮೇಲುಕೋಟೆಯ ವೈರಮುಡಿಯನ್ನು ವಿರೋಚನ ಕದ್ದ, ಗರುಡ ಮರಳಿ ತಂದ ಎಂಬುದು ಐತಿಹ್ಯ. ಈಗ ಗರುಡನ ಕೆಲಸ ಪೊಲೀಸರದು. ಕಿರೀಟ ವರ್ಷವಿಡೀ ಮಂಡ್ಯದ ಖಜಾನೆಯಲ್ಲಿದ್ದು, ಉತ್ಸವಕ್ಕೆ ಬಂದೋಬಸ್ತಿನಲ್ಲಿ ಬೆಟ್ಟ ಹತ್ತುತ್ತದೆ. ಟೋಲ್ಕಿನ್ನನ ಉಂಗುರಕ್ಕೂ ಇಂಥದೊಂದು ಜಿಲ್ಲಾ ಖಜಾನೆ ಸಿಕ್ಕಿದ್ದರೆ ಕಥೆಯ ಕುಳ್ಳ ನಾಯಕ ಬರಿಗಾಲಲ್ಲಿ ಅಷ್ಟು ದೂರ ನಡೆದು ಅದನ್ನು ಬೆಂಕಿಬೆಟ್ಟಕ್ಕೆ ಒಯ್ಯಬೇಕಿರಲಿಲ್ಲ. ಒಂದು ರಸೀದಿಯಲ್ಲಿ ಮುಗಿಯುತ್ತಿತ್ತು.

ಕೊನೆಯದಾಗಿ ಪಾಂಡವಪುರ. ಕುಂತಿಬೆಟ್ಟದ ಸಂಚಿಕೆಯಲ್ಲಿ, ಇಲ್ಲಿಯೇ ಭೀಮ ಬಂಡಿ ಅನ್ನ ಉಂಡು ಬಕಾಸುರನನ್ನು ಕೊಂದನೆಂದು ಜನ ಹೇಳುವುದನ್ನು ಬರೆದಿದ್ದೆ. ಅದರ ಒಂದು ಪ್ರತಿ ಆಲೆಮನೆಯೊಂದರಲ್ಲಿ ಸಿಕ್ಕಿತು. ಮೂರನೇ ಪುಟದ ಮೇಲೆ ಬಿಸಿ ಬೆಲ್ಲ ಬಿದ್ದು ನಾಲ್ಕನೆಯದಕ್ಕೆ ಅಂಟಿಕೊಂಡಿತ್ತು. ಬಿಡಿಸಲು ಹೋದರೆ ಬಕಾಸುರ ಕಿತ್ತುಬಂದ. ಕೊಪ್ಪರಿಗೆಯ ಪಾಕ ತಿರುವುತ್ತಿದ್ದ ಯಜಮಾನರು ತಲೆಯೆತ್ತದೆ ಕೇಳಿದರು:

“ಮೇಷ್ಟ್ರೇ, ಬಂಡಿ ತುಂಬ ಅನ್ನ ಅಂತ ಬರ್ದಿದ್ದೀರಲ್ಲ, ಆಗ ನಮ್ ಕಡೆ ಭತ್ತ ಎಲ್ಲಿತ್ತು? ಕನ್ನಂಬಾಡಿ ಕಟ್ಟಿ ನಾಲೆ ಬಂದ್ಮೇಲಲ್ವಾ ಗದ್ದೆ?”

ನಾನು ಬಿಡಲಿಲ್ಲ. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಾದರೂ ಶ್ರೀರಂಗಪಟ್ಟಣದ ಬಳಿ ಚಿಕ್ಕದೇವರಾಯರ ಹೆಸರಿನ ನಾಲೆ ಅದಕ್ಕೂ ಇನ್ನೂರು ವರ್ಷ ಹಿಂದಿನದೆಂದು ವಾದಿಸಿದೆ.

“ಅದೂ ಬಕಾಸುರ ಸತ್ಮೇಲೆ ತಾನೆ?”

ಪ್ರಬಂಧಕಾರ ನಿರುತ್ತರನಾದ. ರಾಕ್ಷಸನಿದ್ದ, ಭೀಮ ಬಂದ, ಬಂಡಿ ಖಾಲಿಯಾಯಿತು. ಇವಾವುದರಲ್ಲೂ ಅವರಿಗೆ ಸಂಶಯವಿರಲಿಲ್ಲ. ಮುಂದಿನ ತಿಂಗಳ ಓಲೆಯಲ್ಲಿ ಚೌಕಟ್ಟು ಹಾಕಿ ಅಚ್ಚಿಸಿದ ತಿದ್ದುಪಡಿ ಹೀಗಿದೆ: ಕಳೆದ ಸಂಚಿಕೆಯಲ್ಲಿ ‘ಅನ್ನ’ ಎಂದಿರುವ ಕಡೆಯೆಲ್ಲ ‘ಮುದ್ದೆ’ ಎಂದು ಓದಿಕೊಳ್ಳತಕ್ಕದ್ದು. ಸಾರು ಯಾವುದೆಂಬುದು ಪರಿಶೀಲನೆಯಲ್ಲಿದೆ.