ಅಂಗಳದ ಜಮಖಾನ

ಹೋದ ಶ್ರಾವಣದಲ್ಲಿ ಎದುರುಮನೆ ಅಜ್ಜನ ಎಮ್ಮೆಗರು ಹಗ್ಗ ಬಿಚ್ಚಿಕೊಂಡು ಬಂದು ನನ್ನ ಅಂಗಳದ ಹುಲ್ಲಿಗೆ ಬಾಯಿ ಹಾಕಿತು. ಒಂದು ಎಸಳು ಜಗ್ಗಿದ್ದಷ್ಟೇ, ಎರಡು ಅಡಿ ಅಗಲದ ಹುಲ್ಲು ಮದುವೆಮನೆ ಜಮಖಾನದ ಹಾಗೆ ಸುರುಳಿ ಸುತ್ತಿಕೊಂಡು ಎದ್ದು ಬಂತು. ಕರು ಬೆದರಿ ನನ್ನ ಮುಖ ನೋಡಿತು, ನಾನು ಕರುವಿನ ಮುಖ ನೋಡಿದೆ. ಅದರ ಕಣ್ಣಲ್ಲಿ 'ನಾನೇನೂ ಮಾಡಿಲ್ಲ ಮೇಷ್ಟ್ರೇ' ಎಂಬ ಭಾವ ಇತ್ತು. ನಿಜ ಹೇಳಬೇಕೆಂದರೆ ಅದೇನೂ ಮಾಡಿರಲಿಲ್ಲ.

ಕೊಟ್ಟೂರಿನಂಥ ಊರಲ್ಲಿ ಹುಲ್ಲುಹಾಸು ಬೆಳೆಸುವ ದುರ್ಬುದ್ಧಿ ನನಗೆ ಹತ್ತಿದ್ದು ಬೆಂಗಳೂರಿನಲ್ಲಿ. ಮಗನ ಮನೆಗೆ ಹೋದವನನ್ನು ಮೊಮ್ಮಗ ಸ್ಯಾಂಕಿ ರಸ್ತೆಯಲ್ಲಿ ಕರೆದೊಯ್ಯುತ್ತ ಗಾಲ್ಫ್ ಮೈದಾನ ತೋರಿಸಿದ. 1876ರಿಂದ ಇರುವ ಕ್ಲಬ್ಬಂತೆ. ಗಾಲ್ಫಿನಲ್ಲಿ ಚೆಂಡು ಗುಳಿ ಸೇರುವ ಜಾಗಕ್ಕೆ ಗ್ರೀನ್ ಎನ್ನುತ್ತಾರೆ. ಅಲ್ಲಿ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸುತ್ತಾರೆ. ನಮ್ಮೂರ ಕ್ಷೌರಿಕ ಬೇಸಿಗೆ ರಜೆಯಲ್ಲಿ ಹುಡುಗರ ತಲೆಗೆ ಮಷಿನ್ ಹೊಡೆದಂತೆ. "ಅಜ್ಜ, ಇಂಥ ಕಡೆ ಹಾಕೋದು ಬರ್ಮುಡಾ ಗ್ರಾಸ್" ಎಂದ ಮೊಮ್ಮಗ. ಯಾವ ದೇಶದ ಬೆಡಗಿಯೋ ಎಂದು ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ, ಅದು ನಮ್ಮ ಗರಿಕೆ! ಗಣಪನಿಗೆ ಇಪ್ಪತ್ತೊಂದು ಏರಿಸುವ ಅದೇ ಗರಿಕೆ.

ನಮ್ಮ ಹೊಲದವರ ಬಾಯಲ್ಲಿ ಅದು ಕರಿಕೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಸೀಮೆಯ ಯಾವ ರೈತನನ್ನಾದರೂ ಕೇಳಿ, ಕರಿಕೆಯ ಹೆಸರೆತ್ತಿದರೆ ಸಾಲಗಾರನ ಹೆಸರು ಕೇಳಿದವರ ಹಾಗೆ ಮುಖ ಸಿಂಡರಿಸುತ್ತಾರೆ. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ, ಗಂಟು ಗಂಟು ಆರಿಸಿ, ಬದುವಿನ ಮೇಲೆ ಒಣಹಾಕಿದರೂ ಒಂದು ತುಂಡು ಉಳಿದರೆ ಸಾಕು, ಮುಂಗಾರಿಗೆ ಮತ್ತೆ ಹಾಜರು. ಅತ್ತ ಅಮೆರಿಕದ ಟಿಫ್ಟನ್ ಎಂಬ ಊರಲ್ಲಿ ಇದೇ ಗರಿಕೆಗೆ ಆಫ್ರಿಕಾದ ದಾಯಾದಿ ಹುಲ್ಲಿನ ಸಂಬಂಧ ಕುದುರಿಸಿ 1960ರ ಹೊತ್ತಿಗೆ ಆಟದ ಮೈದಾನಕ್ಕೆಂದೇ ಹೊಸ ತಳಿ ಮಾಡಿದರು. ಆ ಸಂಕರದ ಕೂಸಿಗೆ ಬೀಜವೇ ಕಟ್ಟುವುದಿಲ್ಲ, ತುಂಡು ನೆಟ್ಟೇ ಬೆಳೆಸಬೇಕು. ನಾವು ಕೂಲಿ ಕೊಟ್ಟು ಕೀಳಿಸುವುದನ್ನು ಅವರು ಕೂಲಿ ಕೊಟ್ಟು ನೆಡಿಸುತ್ತಾರೆ.

ಇಷ್ಟು ತಿಳಿದ ಮೇಲಾದರೂ ನಾನು ಬದುವಿನ ಕರಿಕೆಯನ್ನು ಪುಕ್ಕಟೆ ತಂದು ಅಂಗಳದಲ್ಲಿ ಊರಬೇಕಿತ್ತು. ತರಲಿಲ್ಲ. ನಿವೃತ್ತ ಮೇಷ್ಟ್ರ ಅಂಗಳಕ್ಕೆ ಬದುವಿನ ಹುಲ್ಲೇ? ನರ್ಸರಿಯಿಂದ 'ಮೆಕ್ಸಿಕನ್' ಎಂಬ ಹುಲ್ಲಿನ ಸುರುಳಿ ತರಿಸಿದೆ. ಮಣ್ಣಿನ ಸಮೇತ ಕಿತ್ತು, ಸುತ್ತಿ, ಟೆಂಪೋದಲ್ಲಿ ಬಂದ ಹುಲ್ಲು. ಇಳಿಸುವಾಗ ನನಗೆ ಹರಪನಹಳ್ಳಿ ನೆನಪಾಯಿತು. ಪಾಪ, ಅದನ್ನೂ ಹೀಗೆಯೇ ಬೇರು ಸಮೇತ ಕಿತ್ತು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹಾಸಿದರು, ಆಮೇಲೆ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಆ ಊರು ಬಾಡಲಿಲ್ಲ. ನನ್ನ ಹುಲ್ಲಿಗೆ ಆ ಗಟ್ಟಿತನ ಎಲ್ಲಿ?

ನೀರಿನ ವಿಷಯ ಮನೆಯಾಕೆಯ ಮುಂದೆ ಎತ್ತುವ ಧೈರ್ಯ ನನಗಿಲ್ಲ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಿಂದ ನೆಲದಡಿಯ ಕೊಳವೆಗಳು ಮಳೆನೀರನ್ನು ನಿಮಿಷಕ್ಕೆ 10,000 ಲೀಟರಿನಂತೆ ಹೀರಿ ಹೊರಹಾಕುತ್ತವೆ ಎಂದು ಒಮ್ಮೆ ಹೇಳಿದ್ದೆ. "ಆ ಕೊಳವೆ ಬಾಯಿ ಇತ್ಲಾಗ ತಿರುಗ್ಸಂತ ಹೇಳ್ರಿ" ಎಂದು ಕೊಡ ಎತ್ತಿಕೊಂಡು ನಲ್ಲಿಗೆ ಹೋದಳು.

ಮಳೆ ಹಿಡಿದ ಮೇಲೆ ಹುಲ್ಲು ಅಲ್ಲಲ್ಲಿ ಹಳದಿಯಾಗತೊಡಗಿತು. ಹೊರಗಡೆ ಮೆಕ್ಕೆಜೋಳಕ್ಕೆಲ್ಲ ಸೈನಿಕ ಹುಳು ಬಿದ್ದಿತ್ತು. ಈ ಹುಳು ಅಮೆರಿಕ ಖಂಡದ್ದು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ತವರಿನಲ್ಲಿ ಅದು ಜೋಳದ ಜೊತೆ ಗಾಲ್ಫ್ ಮೈದಾನದ ಹುಲ್ಲಿಗೂ ದಂಡೆತ್ತಿ ಹೋಗುತ್ತದೆ. ಅದೇ ಬಂದಿರಬೇಕೆಂದು ನಾನು ಓದಿಕೊಂಡ ಉಪಾಯ ಹೂಡಿದೆ: ಪಾತ್ರೆ ತೊಳೆಯುವ ಸೋಪು ಕಲಸಿದ ಒಂದು ಬಕೆಟ್ ನೀರು ಹುಲ್ಲಿಗೆ ಸುರಿದರೆ, ಅಡಗಿದ ಹುಳು ಹತ್ತು ನಿಮಿಷದಲ್ಲಿ ಮೇಲೆ ಬರುತ್ತದೆ. ಸುರಿದೆ. ಗಡಿಯಾರ ನೋಡುತ್ತ ಕುಕ್ಕರಗಾಲಲ್ಲಿ ಕೂತೆ. ಎರಡು ಎರೆಹುಳು ಮುಖ ಸಣ್ಣ ಮಾಡಿಕೊಂಡು ಹೊರಬಂದವು. "ಹುಲ್ಲು ಆರೋಗ್ಯವಾಗಿದೆ" ಎಂದು ಸಾರಿದೆ. ಮೂರನೆಯ ದಿನ ಕರು ಬಂತು.

ಜಮಖಾನದ ಅಡಿಯಲ್ಲಿ ಇದ್ದದ್ದು ಗೊಣ್ಣೆ ಹುಳು. ಹಾಲುಬಿಳಿ ಮೈ, ಕಂದು ತಲೆ, ಹಿಂಭಾಗದಲ್ಲಿ ತಿಂದ ಮಣ್ಣು ಕಪ್ಪಗೆ ಕಾಣುವಂತೆ ತೆಳ್ಳನೆ ಚರ್ಮ. ಮುಟ್ಟಿದರೆ ಚಕ್ಕುಲಿ ತುಂಡಿನಂತೆ ಬಾಗಿ ಮಲಗುತ್ತದೆ. ಒಂದು ಅಡಿ ಚೌಕದಲ್ಲಿ ಹದಿನಾಲ್ಕು ಎಣಿಸಿದೆ. ಸೋಪಿನ ನೀರಿಗೆ ಇವು ಜಗ್ಗುವುದಿಲ್ಲ, ಸಲಿಕೆಯಲ್ಲಿ ಮಗುಚಿಯೇ ನೋಡಬೇಕು. ಮೇಲೆ ಹಸಿರು ಇರುವಾಗಲೇ ಕೆಳಗೆ ಬೇರು ಪೂರ್ತಿ ಕತ್ತರಿಸಿರುತ್ತವೆ. ಹುಲ್ಲು ನೆಲಕ್ಕೆ ಅಂಟಿಕೊಂಡಿರುವುದು ಬರೀ ಮರ್ಯಾದೆಗೆ.

ಎದುರುಮನೆ ಅಜ್ಜ ಕರು ಹಿಡಿಯಲು ಬಂದವರು ಬಗ್ಗಿ ನೋಡಿದರು. "ತಿಪ್ಪಿ ಗೊಬ್ಬರ ಹಾಕಿದ್ರೇನು?" ಹಾಕಿದ್ದೆ. "ಕಳಿತಿತ್ತೇನು?" ಅರ್ಧ. "ಮ್ಯಾಲೆ ಬೇವಿನ ಗಿಡ ಬ್ಯಾರೆ ಐತಿ" ಎಂದು ತಲೆ ಎತ್ತಿ ನಕ್ಕರು. ಮೊದಲ ಮಳೆಗೆ ನೆಲದಿಂದೆದ್ದ ದುಂಬಿಗಳು ಬೇವಿನ ಎಲೆ ಮೇಯುತ್ತ ಅಲ್ಲೇ ಜೋಡಿ ಕೂಡಿ, ಬುಡದ ಮಣ್ಣಿಗಿಳಿದು ಮೊಟ್ಟೆ ಇಡುತ್ತವಂತೆ. ಮರಿಗಳಿಗೆ ಊಟಕ್ಕೆ ಹಸಿ ಗೊಬ್ಬರ, ಆಮೇಲೆ ಎಳೆ ಬೇರು. ಛತ್ರ, ಅಡುಗೆ, ಬೀಗರ ಬಿಡಾರ ಎಲ್ಲವನ್ನೂ ನಾನೇ ನಿಂತು ಏರ್ಪಾಟು ಮಾಡಿದಂತಾಗಿತ್ತು.

ಆ ಗಣೇಶ ಚೌತಿಗೆ, ಇಷ್ಟೆಲ್ಲ ಹುಲ್ಲಿಗೆ ದುಡ್ಡು ಸುರಿದ ಮನೆಯಲ್ಲಿ ಇಪ್ಪತ್ತೊಂದು ಗರಿಕೆ ಇರಲಿಲ್ಲ. ಮನೆಯಾಕೆ ಮಾತಾಡದೆ ಹಿತ್ತಿಲ ಚರಂಡಿ ದಾಟಿ ಹೋಗಿ ಬದುವಿನಿಂದ ತಂದಳು. ಮಿಕ್ಕ ಹುಲ್ಲು ದೀಪಾವಳಿ ಕಾಣಲಿಲ್ಲ.

ಈ ಸಲ ರೋಹಿಣಿ ಮಳೆ ಬಿದ್ದ ಸಂಜೆ ನಾನು ದೋಟಿ ಹಿಡಿದು ಬೇವಿನ ಬುಡದಲ್ಲಿ ನಿಂತೆ. ಪಕ್ಕದಲ್ಲಿ ಸೀಮೆಎಣ್ಣೆ ಬೆರೆಸಿದ ಅರ್ಧ ಬಕೆಟ್ ನೀರು. ಕತ್ತಲಾಗುತ್ತಲೇ ತಲೆಯ ಮೇಲೆ ಗುಂಯ್‌ಗುಡುವ ಸದ್ದು. ಕೊಂಬೆ ಅಲ್ಲಾಡಿಸಿದರೆ ಕಂದು ದುಂಬಿಗಳು ಟಪಟಪನೆ ಉದುರಿದವು, ಎರಡು ನನ್ನ ಬನಿಯನ್ನಿನೊಳಗೆ.

"ಏನ್ ಮೇಷ್ಟ್ರೇ, ಹೊತ್ತು ಮುಣುಗಿದ ಮ್ಯಾಲೆ ಬೇವಿನಹಣ್ಣು ಉದುರ್ಸಾಕತ್ತೀರಲ್ಲ?" ಎಂದರು ಅಜ್ಜ ಕಟ್ಟೆಯಿಂದ.

"ದುಂಬಿ, ಅಜ್ಜ."

"ಹುಲ್ಲs ಇಲ್ಲಲ್ರೀ ಈಗ. ಯಾರ ಸಲುವಾಗಿ?"

"ನಿಮ್ಮ ಹಿಂದಿನ ಹೊಲದ ಶೇಂಗಾಕ್ಕೆ. ಅದರ ಬೇರೂ ಇವಕ್ಕೆ ಆಗುತ್ತೆ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎದ್ದು ಬಂದು, ಬಕೆಟ್ಟನ್ನು ಕಾಲಲ್ಲಿ ಸರಿಸಿ, ಮೇಲೆ ನೋಡಿದರು.

"ಆ ಟೊಂಗಿ ಬಿಟ್ರಿ ನೋಡ್ರಿ, ಎಡಕ್ಕಿಂದು."