ಸಂಚಾರಿಸೌಧ ಕ್ರಯಮೀಮಾಂಸೆ

(ಹಳೆಯ ಐಷಾರಾಮಿ ಮೋಟರ್‌ಹೋಮನ್ನು ಮೊದಲ ಸಲ ಕೊಳ್ಳಹೊರಟವರ ಹಿತಾರ್ಥವಾದ ಲಘು ಪ್ರಕರಣಗ್ರಂಥ)

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲಿ ನಾಲ್ಕು ಸಂಗತಿಗಳನ್ನು ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ. ಈ ಶಾಸ್ತ್ರದ ವಿಷಯ, ಅಮೆರಿಕ ದೇಶದಲ್ಲಿ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ನಿಂತಿರುವ ಐಷಾರಾಮಿ ಮೋಟರ್‌ಹೋಮ್. ಪ್ರಯೋಜನ, ಮನೆಯಿಂದ ಬಿಡುಗಡೆ. ಮನೆಯಿಂದ ಬಿಡಿಸಿಕೊಳ್ಳಲು ಇನ್ನೊಂದು ಮನೆಯನ್ನು ಕೊಳ್ಳುವುದೇಕೆ, ಇವೆರಡಕ್ಕೆ ಏನು ಸಂಬಂಧ ಎಂದು ಕೇಳುವವನು ಈ ಶಾಸ್ತ್ರಕ್ಕೆ ಅಧಿಕಾರಿಯೇ ಅಲ್ಲ. ಅವನು ಇಲ್ಲಿಗೇ ಓದು ನಿಲ್ಲಿಸಿ ಹೋಟೆಲಿನಲ್ಲಿ ರೂಮು ಮಾಡಬಹುದು.

ಅಧಿಕಾರಿಯಾದವನಿಗೆ ಪರಂಪರೆಯ ಪ್ರಕಾರ ದೇವದತ್ತನೆಂದು ಹೆಸರು, ಮಾರುವವನು ಯಜ್ಞದತ್ತ. ದೇವದತ್ತ ನಿವೃತ್ತನಾಗಿದ್ದಾನೆ, ಮಕ್ಕಳು ದೂರದ ಊರುಗಳಲ್ಲಿದ್ದಾರೆ. ವೇದಾಂತವು ಸಾಧಕನಲ್ಲಿ ವಿವೇಕ, ವೈರಾಗ್ಯ, ಶಮದಮಾದಿ ಸಂಪತ್ತು, ಮುಮುಕ್ಷುತ್ವ ಎಂಬ ನಾಲ್ಕನ್ನು ಬಯಸುತ್ತದೆ. ದೇವದತ್ತನಲ್ಲಿ ನಾಲ್ಕನೆಯದು ತುಂಬಿ ತುಳುಕುತ್ತಿದೆ. ಮೊದಲನೆಯದು ಇದ್ದವರು ಒಂದು ವಾರ ಬಾಡಿಗೆಗೆ ತೆಗೆದುಕೊಂಡು ಓಡಿಸಿ ನೋಡಿ, ಕೀಲಿಕೈ ಹಿಂದಿರುಗಿಸಿ, ಮನೆಗೆ ಹೋಗಿ ಮಲಗಿದ್ದಾರೆ.

ಲಕ್ಷಣ ವಿಚಾರ

'ಚಲಿಸುವ ಮನೆಯೇ ಮೋಟರ್‌ಹೋಮ್' ಎಂದು ಲಕ್ಷಣ ಹೇಳಿದರೆ ಬಸವನಹುಳುವಿನಲ್ಲಿ ಅತಿವ್ಯಾಪ್ತಿ ದೋಷ. 'ಎಂಜಿನ್ನಿನ ಬಲದಿಂದ ಚಲಿಸುವ ಮನೆ' ಎಂದು ತಿದ್ದಿದರೆ, ಸ್ಟಾರ್ಟ್ ಆಗದೆ ಮಾರಾಟದಂಗಳದಲ್ಲೇ ನಿಂತಿರುವವುಗಳಲ್ಲಿ ಅವ್ಯಾಪ್ತಿ. ನವ್ಯನ್ಯಾಯದ ಗಂಗೇಶೋಪಾಧ್ಯಾಯರೂ ತಲೆದೂಗುವಂಥ ಲಕ್ಷಣವನ್ನು ಕೊನೆಗೂ ಕೊಟ್ಟದ್ದು ಅಮೆರಿಕದ ಆದಾಯ ತೆರಿಗೆ ಇಲಾಖೆ. ಮಲಗಲು ಜಾಗ, ಅಡುಗೆಗೆ ಅನುಕೂಲ, ಶೌಚದ ವ್ಯವಸ್ಥೆ ಈ ಮೂರೂ ಇದ್ದರೆ ಅದು ಮನೆ; ದೋಣಿಯಾದರೂ ಸರಿಯೇ. ಹೀಗಾಗಿ ಮೋಟರ್‌ಹೋಮ್ ಸಾಲದ ಬಡ್ಡಿಯನ್ನು, ಕೆಲವು ಷರತ್ತುಗಳಿಗೆ ಒಳಪಟ್ಟು, 'ಎರಡನೆಯ ಮನೆ'ಯ ಬಡ್ಡಿಯೆಂದು ಆದಾಯದಲ್ಲಿ ಕಳೆದುಕೊಳ್ಳಬಹುದು. ಕಕ್ಕಸಿನಿಂದ ಗೃಹತ್ವ ಸಿದ್ಧಿಸುತ್ತದೆ ಎಂಬ ಈ ಮಹತ್ತ್ವದ ಸಿದ್ಧಾಂತವನ್ನು ನಮ್ಮ ವಾಸ್ತುಶಾಸ್ತ್ರಜ್ಞರು ಏಕೆ ಕಾಣಲಿಲ್ಲವೋ ತಿಳಿಯದು.

ಮೋಟರ್‌ಹೋಮುಗಳಲ್ಲಿ ಎ, ಬಿ, ಸಿ ಎಂದು ಮೂರು ವರ್ಗ. ಎ ಎಂದರೆ ಬಸ್ಸಿನಷ್ಟು ದೊಡ್ಡದು. ಬಿ ಎಂದರೆ ವ್ಯಾನಿನ ಹೊಟ್ಟೆಯಲ್ಲೇ ಮನೆ ಮಾಡಿದ್ದು. ಸಿ ಎಂದರೆ ವ್ಯಾನು ಅಥವಾ ಟ್ರಕ್ಕಿನ ಮೂತಿಯ ಹಿಂದೆ ಮನೆ ಕಟ್ಟಿ, ಚಾಲಕನ ನೆತ್ತಿಯ ಮೇಲೊಂದು ಹಾಸಿಗೆ ಚಾಚಿದ್ದು. ಗಾತ್ರದಲ್ಲಿ ಎ ಆದ ಮೇಲೆ ಸಿ, ಅದಾದ ಮೇಲೆ ಬಿ ಬರುವುದು ಏಕೆಂದು ಕೇಳುವುದು ಅಧಿಕಪ್ರಸಂಗ. ದೇವದತ್ತನ ಕಣ್ಣು ಬಿದ್ದಿರುವುದು ಎ ವರ್ಗದಲ್ಲೂ ಉತ್ತಮವಾದ 'ಡೀಸೆಲ್ ಪುಷರ್' ಮೇಲೆ. ಅದರಲ್ಲಿ ಎಂಜಿನ್ ಹಿಂದಿರುತ್ತದೆ. ಸದ್ದೆಲ್ಲ ಮಲಗುವ ಕೋಣೆಗೆ, ಮೌನವೆಲ್ಲ ಚಾಲಕನಿಗೆ.

ಗುರುಪರಂಪರೆ

1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಪಿಯರ್ಸ್-ಆ್ಯರೋ ಕಂಪನಿ 'ಟೂರಿಂಗ್ ಲ್ಯಾಂಡೋ' ಎಂಬ ಕಾರನ್ನು ಪ್ರದರ್ಶಿಸಿತು. ಹಿಂದಿನ ಸೀಟು ಹಾಸಿಗೆಯಾಗುತ್ತಿತ್ತು. ಕೈತೊಳೆಯುವ ಬೋಗುಣಿಯೂ ಮಲಪಾತ್ರೆಯೂ ಜೊತೆಗಿದ್ದವು. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಬಸ್ ಉದ್ಯಮಿ 'ಜಿಪ್ಸಿ ವ್ಯಾನ್' ಎಂಬ ಮಹಾವಾಹನದಲ್ಲಿ ಸಂಸಾರ ಸಮೇತ ನ್ಯೂಯಾರ್ಕ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ. ಕೆನಡಾದ ಕ್ವಿಬೆಕ್ ಪ್ರಾಂತದ ಸೇಂಟ್-ಕ್ಲೇರಿನಲ್ಲಿ ಚರ್ಚುಗಳಿಗೆ ಬೆಂಚು ಮಾಡುತ್ತಿದ್ದ ಬಡಗಿ ಯೂಜೀನ್ ಪ್ರೆವೋ 1924ರಲ್ಲಿ ಒಂದು ಬಸ್ಸಿಗೆ ಮರದ ಮೈ ಕಟ್ಟಿಕೊಟ್ಟ. ಅವನ ಹೆಸರಿನ ಕಂಪನಿ ಇಂದು 45 ಅಡಿಯ ಬಸ್ ಕವಚಗಳನ್ನು ತಯಾರಿಸುತ್ತದೆ. ಆರೆಗಾನಿನ ಮ್ಯಾರಥಾನ್ ಕೋಚ್‌ನಂಥವರು ಅವುಗಳ ಒಳಗೆ ಕಲ್ಲಿನ ನೆಲ, ಚರ್ಮದ ಸೋಫಾ, ನಾಲ್ಕಾರು ಟೀವಿ ಕೂರಿಸುತ್ತಾರೆ. ಹೊಸದರ ಬೆಲೆ 20 ಲಕ್ಷ ಡಾಲರ್ ದಾಟುತ್ತದೆ. ಬೆಂಚಿನಿಂದ ಸೋಫಾದವರೆಗಿನ ಈ ಪಯಣದಲ್ಲಿ ಕೂರುವುದೊಂದೇ ನಿತ್ಯ, ಉಳಿದದ್ದೆಲ್ಲ ಅನಿತ್ಯ.

ಅನಿತ್ಯಕ್ಕೆ ಸಾಕ್ಷಿ 2009. ಆ ವರ್ಷದ ಮಾರ್ಚ್ ತಿಂಗಳೊಂದರಲ್ಲೇ ಫ್ಲೀಟ್‌ವುಡ್ ಮತ್ತು ಮೊನ್ಯಾಕೊ ಎಂಬ ಎರಡು ದೊಡ್ಡ ಕಂಪನಿಗಳು ದಿವಾಳಿ ಅರ್ಜಿ ಹಾಕಿದವು. ಮೋಟರ್‌ಹೋಮ್ ಉದ್ಯಮದ ರಾಜಧಾನಿಯಾದ ಇಂಡಿಯಾನಾದ ಎಲ್ಕ್‌ಹಾರ್ಟಿನಲ್ಲಿ ನಿರುದ್ಯೋಗ ಎಷ್ಟು ಏರಿತ್ತೆಂದರೆ, ಹೊಸ ಅಧ್ಯಕ್ಷ ಒಬಾಮ ಅಧಿಕಾರಕ್ಕೆ ಬಂದ ಮರುತಿಂಗಳೇ ಅಲ್ಲಿಗೆ ಬಂದು ಭಾಷಣ ಮಾಡಿದರು. ಆ ಕಾಲದ ಅನೇಕ ಕೋಚುಗಳು, ಅಂದರೆ ಎ ವರ್ಗದ ಮೋಟರ್‌ಹೋಮುಗಳು, ಇಂದಿಗೂ ಮಾರಾಟಕ್ಕೆ ಸಿಗುತ್ತವೆ. ಹೊಳಪೇನೂ ಮಾಸಿರುವುದಿಲ್ಲ, ಕಿಟಕಿಯ ಒಂದು ಚಿಲಕ ಮುರಿದರೆ ಮಾತ್ರ ಯಾರನ್ನು ಕೇಳುವುದೆಂಬ ಪ್ರಶ್ನೆ ಏಳುತ್ತದೆ.

ಷಟ್‌ಪ್ರಮಾಣ ಪ್ರಕರಣ

ಇನ್ನು ಮುಖ್ಯ ವಿಷಯ. ಹಳೆಯ ಕೋಚಿನ ನಿಜಸ್ವರೂಪವನ್ನು ತಿಳಿಯುವುದು ಹೇಗೆ? ಕುಮಾರಿಲ ಭಟ್ಟರ ಮೀಮಾಂಸಕರು ಒಪ್ಪುವ ಪ್ರಮಾಣಗಳು ಆರು. ಆರನ್ನೂ ಪ್ರಯೋಗಿಸದೆ ಚೆಕ್ಕಿಗೆ ಸಹಿ ಹಾಕತಕ್ಕದ್ದಲ್ಲ.

ಮೊದಲನೆಯದು ಪ್ರತ್ಯಕ್ಷ. ದೇವದತ್ತ ಒಳಗೆ ಕಾಲಿಟ್ಟೊಡನೆ ಸೋಫಾದ ಮೇಲೆ ಕೂರುತ್ತಾನೆ, ಅಲ್ಲಿಗೆ ಅವನ ಪ್ರತ್ಯಕ್ಷ ಪರಿಸಮಾಪ್ತಿ. ಶಾಸ್ತ್ರ ಹೇಳುವುದು ಬೇರೆ. ಇಳಿಬಿಸಿಲಿನಲ್ಲಿ ಹೊರಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಬೇಕು. ಫೈಬರ್‌ಗ್ಲಾಸ್ ಹಾಳೆ ಎಲ್ಲಾದರೂ ಉಬ್ಬಿದ್ದರೆ ಒಳಗೆ ನೀರು ಸೇರಿ ಪದರ ಬಿಟ್ಟಿದೆ ಎಂದರ್ಥ. ಏಣಿ ಹತ್ತಿ ಚಾವಣಿಯ ಸಂದುಗಳನ್ನು ನೋಡಬೇಕು. ಮೂಲೆಗಳಲ್ಲಿ ನೆಲವನ್ನು ಕಾಲಿಂದ ಒತ್ತಿ ಮೆತ್ತಗಾಗಿದೆಯೇ ಎಂದು ಪರೀಕ್ಷಿಸಬೇಕು. ಗುಂಡಿ ಒತ್ತಿದರೆ ಹೊರಚಾಚಿ ಕೋಣೆಯನ್ನು ಅಗಲ ಮಾಡುವ 'ಸ್ಲೈಡ್‌ಔಟ್'ಗಳನ್ನು ಯಜ್ಞದತ್ತ ಮುಂಚೆಯೇ ತೆರೆದಿಟ್ಟಿರುತ್ತಾನೆ. ಅವನ್ನು ಮುಚ್ಚಿಸಿ, ಮತ್ತೆ ತೆರೆಸಿ ನೋಡಬೇಕು. ಎಂಜಿನ್ ಮುಟ್ಟಿ ನೋಡುವುದೂ ಪ್ರತ್ಯಕ್ಷವೇ. ಗಿರಾಕಿ ಬರುವ ಮುನ್ನವೇ ಅದು ಬೆಚ್ಚಗಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗುವ ಪರಿಯನ್ನು ಯಾರೋ ಮರೆಮಾಡಬಯಸಿದ್ದಾರೆ. ಒಳಗೆ ಸುಗಂಧದ ಮೇಣದಬತ್ತಿ ಉರಿಯುತ್ತಿದ್ದರೆ ಮೂಗೆಂಬ ಇಂದ್ರಿಯಕ್ಕೆ ಲಂಚ ಕೊಟ್ಟಂತೆ.

ಎರಡನೆಯದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿ ಇದೆ ಎಂದು ನೈಯಾಯಿಕರು ಊಹಿಸಿದರು. ಹೊಗೆಯ ಬಣ್ಣ ಯಾವುದೆಂದು ಕೇಳುವ ಗೋಜಿಗೆ ಅವರು ಹೋಗಲಿಲ್ಲ. ಡೀಸೆಲ್ ಮೆಕ್ಯಾನಿಕ್ ಹೋಗುತ್ತಾನೆ. ಕಪ್ಪು ಹೊಗೆಗೆ ಪೂರ್ತಿ ಉರಿಯದ ಇಂಧನ ಹೇತು. ನೀಲಿಗೆ ಸುಡುತ್ತಿರುವ ಎಂಜಿನ್ ಆಯಿಲ್. ಎಂಜಿನ್ ಕಾದ ಮೇಲೂ ಬಿಡದ ಬಿಳಿಗೆ ಒಳಗೆ ಸೋರಿದ ಕೂಲಂಟ್ ಹೇತುವಿರಬಹುದು. ಇನ್ನು ಟೈರು. ಗೆರೆಗಳು ಆಳವಾಗಿವೆ, ಹೊಸದರಂತಿವೆ ಎಂದು ದೇವದತ್ತ ಸಂತೋಷಪಡುತ್ತಾನೆ. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳೇ ಅದರ ಜಾತಕ: 2316 ಎಂದಿದ್ದರೆ 2016ರ 23ನೆಯ ವಾರದಲ್ಲಿ ಜನನ. ನೋಟಕ್ಕೆ ಎಷ್ಟೇ ಚೆನ್ನಾಗಿರಲಿ, ಹತ್ತು ವರ್ಷ ಕಳೆದ ಟೈರನ್ನು ಬದಲಿಸಿ ಎನ್ನುವುದು ಮಿಷೆಲಿನ್ ಕಂಪನಿಯ ಸಲಹೆ. ಮೂರು ಅಚ್ಚಿನ ಕೋಚಿಗೆ ಇಂಥವು ಎಂಟು ಬೇಕು.

ಮೂರನೆಯದು ಉಪಮಾನ. ಹಸುವಿನಂತಿರುವ ಕಾಡುಪ್ರಾಣಿಯೇ ಗವಯ ಎಂಬುದು ಶಾಸ್ತ್ರದ ಉದಾಹರಣೆ. 'ಇದು ಪ್ರೆವೋದಂತೆಯೇ' ಎಂಬುದು ಯಜ್ಞದತ್ತನ ಉದಾಹರಣೆ. ಇಂಥ ಕಡೆ ಕೇಳಿದ ಬೆಲೆಯನ್ನು ಕೇಳಿದ ಬೆಲೆಯೊಂದಿಗೆ ಹೋಲಿಸುವುದು ವ್ಯರ್ಥ. ಕೊಟ್ಟ ಬೆಲೆಯೊಂದಿಗೆ ಹೋಲಿಸತಕ್ಕದ್ದು.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. 'ಅನಾರೋಗ್ಯದ ಕಾರಣ ಮಾರಾಟ', 'ಸದಾ ಶೆಡ್ಡಿನೊಳಗೇ ಇತ್ತು', 'ಒಂದು ರೂಪಾಯಿ ಕೆಲಸವಿಲ್ಲ' ಎಂಬಿವು ಯಜ್ಞದತ್ತನ ಮಹಾವಾಕ್ಯಗಳು (ಆತ ಹೇಳುವುದು ಡಾಲರಿನಲ್ಲಿ). ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಪೇಟೆಯೇ ಕೆಡುತ್ತದೆ ಎಂದು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳನ್ನೇ ಮುಂದಿಟ್ಟುಕೊಂಡು ಬರೆದ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯದ ಗಿರಾಕಿ ಸರಾಸರಿ ಬೆಲೆ ಮಾತ್ರ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವರು ಮಾರಲೊಲ್ಲರು. ಪೇಟೆಯಲ್ಲಿ ಉಳಿಯುವುದು ಕೆಟ್ಟವೇ. ಮೂರು ವಿದ್ವತ್ ಪತ್ರಿಕೆಗಳು ಆ ಲೇಖನವನ್ನು ಹಿಂದಕ್ಕೆ ಕಳಿಸಿದ್ದವು. 2001ರಲ್ಲಿ ಅಕರ್ಲಾಫ್‌ಗೆ ನೊಬೆಲ್ ಪಾಲು ಬಂತು.

ಪುರುಷರ ಮಾತಿನಲ್ಲಿ ದೋಷ ಸಂಭವಿಸುತ್ತದೆ, ಅಪೌರುಷೇಯವಾದ ಮಾತೊಂದೇ ಸ್ವತಃಪ್ರಮಾಣ ಎಂದು ಮೀಮಾಂಸಕರು ಹಟ ಹಿಡಿದದ್ದರ ಅರ್ಥ ಇಲ್ಲಿ ಹೊಳೆಯುತ್ತದೆ. ಎಂಜಿನ್ ಆಯಿಲಿನ ಒಂದು ಚಿಕ್ಕ ಸೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದು ಸತ್ಯ ನುಡಿಯುತ್ತದೆ. ಕಬ್ಬಿಣ, ತಾಮ್ರ, ಸೀಸದ ಅಂಶ ಹೆಚ್ಚಿದ್ದರೆ ಒಳಗೆ ಸವೆತ. ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿದ್ದರೆ ಕೂಲಂಟ್ ಬೆರೆತಿರುವ ಶಂಕೆ. ಆಯಿಲಿಗೆ ಕಮಿಷನ್ ಇಲ್ಲ.

ಐದನೆಯದು ಅರ್ಥಾಪತ್ತಿ. ದೇವದತ್ತ ಹಗಲು ಊಟ ಮಾಡುವುದಿಲ್ಲ, ಆದರೂ ದಪ್ಪಗಿದ್ದಾನೆ. ಆದ್ದರಿಂದ ರಾತ್ರಿ ತಿನ್ನುತ್ತಾನೆ. ಶಾಸ್ತ್ರಗಳಲ್ಲಿ ಶತಮಾನಗಳಿಂದ ಹೀಗೆ ಸಿಕ್ಕಿಬೀಳುತ್ತಿರುವ ಅದೇ ದೇವದತ್ತ, ಇಪ್ಪತ್ತು ವರ್ಷದ ಕೋಚು ಬರೀ ಹದಿನೆಂಟು ಸಾವಿರ ಮೈಲಿ ಓಡಿದೆಯೆಂದು ಕೇಳಿ ಕುಣಿದಾಡುತ್ತಾನೆ. ಓಡಿಲ್ಲವೆಂದರೆ ನಿಂತಿತ್ತು ಎಂದು ಅವನಿಗೆ ಹೊಳೆಯುವುದಿಲ್ಲ. ನಿಂತ ಗಾಡಿಯಲ್ಲಿ ಸೀಲುಗಳು ಒಣಗುತ್ತವೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ಜನರೇಟರನ್ನು ತಿಂಗಳಿಗೊಮ್ಮೆಯಾದರೂ ಭಾರ ಹಾಕಿ ಓಡಿಸಬೇಕೆಂಬುದು ನಿಯಮ. ಅದರ ಗಂಟೆ ಲೆಕ್ಕದ ಮೀಟರಿನಲ್ಲಿ ಅಂಕಿ ತೀರಾ ಕಡಿಮೆಯಿದ್ದರೆ ಅದು ವ್ರತಭಂಗದ ದಾಖಲೆ.

ಆರನೆಯದು ಅನುಪಲಬ್ಧಿ: ಇರಬೇಕಾದದ್ದು ಇಲ್ಲದಿರುವುದರಿಂದ ಹುಟ್ಟುವ ಜ್ಞಾನ. ಸರ್ವಿಸ್ ಮಾಡಿಸಿದ ಬಿಲ್ಲುಗಳ ಕಡತ ಎಲ್ಲಿ ಎಂದು ಕೇಳಿದಾಗ 'ಹೋದ ಸಲ ಮನೆ ಬದಲಿಸುವಾಗ...' ಎಂದು ಉತ್ತರ ಶುರುವಾದರೆ ಆರನೆಯ ಪ್ರಮಾಣ ಫಲಿಸಿತು.

ದೃಷ್ಟಾಂತ

ಸಂದೇಹನಿವೃತ್ತಿಗೆ ಉನ್ನತ ನ್ಯಾಯಪೀಠದಿಂದಲೇ ಒಂದು ದೃಷ್ಟಾಂತ. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ 1999ರಲ್ಲಿ ಸೆಕೆಂಡ್ ಹ್ಯಾಂಡ್ ಪ್ರೆವೋ ಕೋಚೊಂದನ್ನು ಕೊಂಡರು. ಮಾಡೆಲ್ 1992ರದು, ಬೆಲೆ 2,67,230 ಡಾಲರ್. ಸಾಲ ಕೊಟ್ಟವರು ಸಿರಿವಂತ ಗೆಳೆಯರೊಬ್ಬರು. ಅಸಲಿನ ದೊಡ್ಡ ಭಾಗವನ್ನು, ಬಹುಶಃ ಇಡೀ ಅಸಲನ್ನೇ, ಗೆಳೆಯ ಮನ್ನಾ ಮಾಡಿದ್ದಾರೆಂದು ಸೆನೆಟ್ ಹಣಕಾಸು ಸಮಿತಿಯ ಡೆಮಾಕ್ರಟ್ ಸಿಬ್ಬಂದಿ 2023ರಲ್ಲಿ ವರದಿ ಕೊಟ್ಟರು. ಮನ್ನಾ ಆಗಿಯೇ ಇಲ್ಲವೆಂದು ಥಾಮಸ್ ಅವರ ವಕೀಲರು ಅಲ್ಲಗಳೆದರು. 2024ರ ಫೆಬ್ರವರಿಯಲ್ಲಿ ಟೀವಿ ಹಾಸ್ಯಗಾರ ಜಾನ್ ಆಲಿವರ್, ನ್ಯಾಯಮೂರ್ತಿಗಳು ಹುದ್ದೆ ಬಿಟ್ಟರೆ ವರ್ಷಕ್ಕೆ 10 ಲಕ್ಷ ಡಾಲರನ್ನೂ 24 ಲಕ್ಷ ಡಾಲರಿನ ಹೊಸ ಕೋಚನ್ನೂ ಕೊಡುವುದಾಗಿ ಸವಾಲೆಸೆದು ಮೂವತ್ತು ದಿನ ಗಡುವು ಕೊಟ್ಟ. ಥಾಮಸ್ ಕದಲಲಿಲ್ಲ. ಪ್ರಕೃತ ಶಾಸ್ತ್ರಕ್ಕೆ ಬೇಕಾದ ನಿರ್ಣಯ ಇಷ್ಟು: ಹಳೆಯ ಕೋಚಿನಲ್ಲಿ ಎಂಜಿನ್ನಿನ ಜೊತೆಗೆ ಸಾಲಪತ್ರವನ್ನೂ ತಪಾಸಣೆ ಮಾಡಿಸತಕ್ಕದ್ದು.

ಆಚಾರ ಮತ್ತು ಆಶ್ರಮಧರ್ಮ

ಖರೀದಿಯಾಯಿತು. ಮೊಂಟಾನಾ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲವಾದ್ದರಿಂದ ಕೆಲವರು ಅಲ್ಲೊಂದು ಕಂಪನಿ ತೆರೆದು ಕೋಚನ್ನು ಅದರ ಹೆಸರಿಗೆ ಬರೆಸುತ್ತಾರೆ. ಆಗ ಕೋಚು ಕಂಪನಿಯದು, ದೇವದತ್ತನದೆಂಬುದು ಏನೂ ಇಲ್ಲ. ವೈರಾಗ್ಯ ಹೀಗೆ ತಡವಾಗಿಯಾದರೂ ಸಿದ್ಧಿಸುತ್ತದೆ. ಕ್ಯಾಲಿಫೋರ್ನಿಯಾದ ತೆರಿಗೆ ಅಧಿಕಾರಿಗಳು ಮಾತ್ರ ಇದನ್ನು ವೈರಾಗ್ಯವೆಂದು ಒಪ್ಪುವುದಿಲ್ಲ.

ಇಪ್ಪತ್ತು ಟನ್ನಿನ ಈ ಸೌಧವನ್ನು ಓಡಿಸಲು ಅನೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಎತ್ತರದ ಅರಿವು ಲೈಸೆನ್ಸಿನೊಂದಿಗೆ ಬರುವುದಿಲ್ಲ. ಉತ್ತರ ಕೆರೊಲಿನಾದ ಡರಂ ಪಟ್ಟಣದಲ್ಲಿ 11 ಅಡಿ 8 ಅಂಗುಲ ಎತ್ತರದ ರೈಲ್ವೆ ಸೇತುವೆಯೊಂದು ಲೆಕ್ಕವಿಲ್ಲದಷ್ಟು ಲಾರಿಗಳ ತಲೆ ಸವರಿ ಹೆಸರಾಯಿತು. 2019ರಲ್ಲಿ ಅದನ್ನು 8 ಅಂಗುಲ ಎತ್ತರಿಸಿದರು. ಕೆಲವು ಪ್ರೆವೋ ಕೋಚುಗಳು ಅದಕ್ಕಿಂತಲೂ ಎತ್ತರ.

ಈಗ ಅತ್ಯಂತ ಗಹನವಾದ ಭಾಗ. ಥಾರ್ಸ್ಟೈನ್ ವೆಬ್ಲೆನ್ 1899ರಲ್ಲಿ, ಕೀಳೆನಿಸಿದ ಕೆಲಸಗಳಿಂದ ವಿನಾಯಿತಿ ಪಡೆಯುವುದೇ ಸಿರಿವಂತ ವರ್ಗದ ಗುರುತು ಎಂದು ಪ್ರತಿಪಾದಿಸಿದ. ಕೋಚಿನ ಕೊಳಚೆ ಟ್ಯಾಂಕುಗಳನ್ನು ಖಾಲಿ ಮಾಡುವ ಡಂಪ್ ಸ್ಟೇಷನ್ನಿನಲ್ಲಿ ಅವನ ಸಿದ್ಧಾಂತ ಮುಗ್ಗರಿಸುತ್ತದೆ. ಸಾಧಾರಣ ಹೋಟೆಲಿನಲ್ಲಿ ತಂಗಿದವನು ಫ್ಲಷ್ ಒತ್ತಿ ಹೊರನಡೆಯುತ್ತಾನೆ. ಲಕ್ಷಾಂತರ ಡಾಲರಿನ ಕೋಚಿನ ಒಡೆಯ ರಬ್ಬರ್ ಗ್ಲೌಸು ತೊಟ್ಟು, ಬಗ್ಗಿ, ದಪ್ಪ ಪೈಪು ಜೋಡಿಸಿ, ಸಂಸಾರದ ವಾರದ ಮಲವನ್ನು ತಾನೇ ಹರಿಯಬಿಡುತ್ತಾನೆ. ಇಲ್ಲಿ ಮಡಿಯ ಕ್ರಮ ಕಟ್ಟುನಿಟ್ಟು. ಮೊದಲು ಕಪ್ಪು ಟ್ಯಾಂಕು, ಅಂದರೆ ಕಕ್ಕಸಿನದು. ಆಮೇಲೆ ಬೂದು ಟ್ಯಾಂಕು, ಅಂದರೆ ಸ್ನಾನದ ಮತ್ತು ಪಾತ್ರೆ ತೊಳೆದ ನೀರು. ಅದು ಪೈಪಿಗೆ ಶುದ್ಧಿಸ್ನಾನ. ಕುಡಿಯುವ ನೀರಿನ ಪೈಪನ್ನು ಇವುಗಳ ಹತ್ತಿರ ಸುಳಿಯಗೊಡಬಾರದು. ಯಾವ ಸ್ಮೃತಿಯನ್ನೂ ಓದದ ಜನ ಈ ಮಡಿಮೈಲಿಗೆಯನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ತಂಗುದಾಣಗಳಲ್ಲೂ ವರ್ಣಭೇದ ಉಂಟು. ಮಿಷಿಗನ್ನಿನ ಪೆಟೋಸ್ಕಿ, ಕ್ಯಾಲಿಫೋರ್ನಿಯಾದ ಇಂಡಿಯೊಗಳಲ್ಲಿ ಎ ವರ್ಗದ ಕೋಚುಗಳಿಗಷ್ಟೇ ಪ್ರವೇಶವಿರುವ ರೆಸಾರ್ಟುಗಳಿವೆ. ಹತ್ತು ವರ್ಷ ಮೀರಿದ ಗಾಡಿಯನ್ನು ಒಳಗೆ ಬಿಡದವೂ ಹಲವು. ದೇವದತ್ತ ಹಳೆಯದನ್ನು ಕೊಂಡದ್ದು ಎಲ್ಲಿ ನಿಲ್ಲಲೆಂದೋ ಅಲ್ಲಿಯೇ ನಿಲ್ಲಲು ಬಾರದಾಗಬಹುದು. ಅಂಥವರಿಗೆ ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿ ಇದೆ. ಚಳಿಗಾಲದಲ್ಲಿ ಅಲ್ಲಿ ಎ, ಬಿ, ಸಿ, ಹರಕು, ಮುರುಕು ಎಲ್ಲವೂ ಸೇರುತ್ತವೆ. ಅಮೆರಿಕದ ಸೇನೆ 1850ರ ದಶಕದಲ್ಲಿ ಮರುಭೂಮಿಯ ಸಾಗಾಟಕ್ಕೆಂದು ಒಂಟೆಗಳನ್ನು ತರಿಸಿದಾಗ ಜೊತೆಗೆ ಬಂದ ಒಂಟೆಯಾಳು ಹಾಜಿ ಅಲಿಯ ಸಮಾಧಿಯೂ ಅದೇ ಊರಿನಲ್ಲಿದೆ: ಕಲ್ಲಿನ ಪಿರಮಿಡ್, ಅದರ ತುದಿಯಲ್ಲೊಂದು ಲೋಹದ ಒಂಟೆ. ಆ ವಾಹನಗಳಿಗೆ ಜನರೇಟರ್ ಇರಲಿಲ್ಲ, ಎರಡೂ ಟ್ಯಾಂಕುಗಳ ತೊಂದರೆಯೂ ಇರಲಿಲ್ಲ. ಆದರೂ ಸೇನೆ ಕೊನೆಗೆ ಅವನ್ನು ಸೆಕೆಂಡ್ ಹ್ಯಾಂಡ್ ಆಗಿ ಹರಾಜು ಹಾಕಿತು.

ಫಲಶ್ರುತಿ

ಈ ಮೀಮಾಂಸೆಯನ್ನು ಖರೀದಿಗೆ ಮುನ್ನ ಓದಿದವನು ತಪಾಸಕನನ್ನು ಕರೆದೊಯ್ಯುವನು, ಎಂಟು ಟೈರುಗಳ ಖರ್ಚನ್ನು ಚೌಕಾಸಿಯಲ್ಲಿ ಇಳಿಸುವನು. ಖರೀದಿಯ ನಂತರ ಓದಿದವನಿಗೆ ಆಪ್ತವಾಕ್ಯಗಳನ್ನು ರಚಿಸುವ ಪ್ರತಿಭೆ ತಾನಾಗಿ ಒಲಿಯುವುದು. ಓದುವವನ ಪಕ್ಕದಲ್ಲಿ ಕುಳಿತು ಕೇಳಿದ ಹೆಂಡತಿಗೆ 'ನಾನು ಆಗಲೇ ಹೇಳಿರಲಿಲ್ಲವೇ' ಎನ್ನುವ ಅಧಿಕಾರ ಜೀವನಪರ್ಯಂತ ಲಭಿಸುವುದು. ಯಜ್ಞದತ್ತ ಓದಿದರೆ ಮೇಣದಬತ್ತಿಯನ್ನು ಆರಿಸಿಡುವನು. ಮೆಕ್ಯಾನಿಕ್ ಇದನ್ನು ಓದಬೇಕಾಗಿಯೇ ಇಲ್ಲ. ಅವನಿಗೆ ಫಲವು ಮೊದಲಿನಿಂದಲೂ ಸಲ್ಲುತ್ತಿದೆ, ಗಂಟೆಯ ಲೆಕ್ಕದಲ್ಲಿ, ಬಿಡಿಭಾಗಗಳ ಖರ್ಚು ಬೇರೆ.