ಬೈಯುತ್ತ ಬೈಯುತ್ತ ನೂರು ಗಂಟೆ

ವಿಡಿಯೋ ಗೇಮ್ ಆಡುವವರಷ್ಟು ತಾಳ್ಮೆಯವರೂ ಇಲ್ಲ, ತಾಳ್ಮೆಗೆಟ್ಟವರೂ ಇಲ್ಲ. ಎಂಟು ವರ್ಷ ಕಾಯಿರಿ ಅಂದರೆ ಕಾಯುತ್ತಾರೆ; ಅದರ ಮೇಲೆ ಇನ್ನು ಇಪ್ಪತ್ತೊಂದು ದಿನ ಅಂದರೆ ಕೊಲೆ ಬೆದರಿಕೆ ಹಾಕುತ್ತಾರೆ. ಬಣ್ಣ ಕಟ್ಟಿ ಹೇಳುತ್ತಿಲ್ಲ. 2020ರ ಅಕ್ಟೋಬರ್‌ನಲ್ಲಿ ಸೈಬರ್‌ಪಂಕ್ 2077 ಮೂರನೇ ಸಲ ಮುಂದಕ್ಕೆ ಹೋದಾಗ ಅದನ್ನು ಮಾಡಿದವರಿಗೆ ಇಂಥ ಬೆದರಿಕೆಗಳು ಬಂದಿದ್ದವು. ಆ ಮುಂದೂಡಿಕೆಯ ಹಿಂದಿನ ದಿನವಷ್ಟೇ ಒಬ್ಬ ಪುಣ್ಯಾತ್ಮ ಟ್ವಿಟರ್‌ನಲ್ಲಿ ಕಂಪನಿಯವರನ್ನೇ ಕೇಳಿದ್ದ: ಕೆಲಸಕ್ಕೆ ರಜೆ ಹಾಕಬೇಕು, ಹೇಳಿದ ದಿನ ಗೇಮ್ ಬರುವುದು ಖಾತ್ರಿ ತಾನೇ? ಪೂರ್ತಿ ಖಾತ್ರಿ ಅಂತ ಉತ್ತರ ಬಂತು. ಬೆಳಗಾಗುವಷ್ಟರಲ್ಲಿ ಗೇಮ್ ಡಿಸೆಂಬರ್‌ಗೆ ಹಾರಿತ್ತು. ಅವನ ರಜೆಯ ಗತಿ ಏನಾಯಿತೋ ದೇವರೇ ಬಲ್ಲ.

ಈ ಗೇಮ್ ಮಾಡಿದ್ದು ಪೋಲೆಂಡಿನ ವಾರ್ಸಾದ ಸಿಡಿ ಪ್ರೊಜೆಕ್ಟ್ ರೆಡ್. ಮೈಕ್ ಪಾಂಡ್‌ಸ್ಮಿತ್ 1988ರಲ್ಲಿ ತಂದ, ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಆಟವೇ ಇದಕ್ಕೆ ಮೂಲ. 2012ರಲ್ಲಿ ಘೋಷಣೆಯಾಯಿತು. ಮರು ಜನವರಿಯಲ್ಲಿ ಒಂದು ಟೀಸರ್ ಬಿಟ್ಟು, ಯಾವಾಗ ಬರುತ್ತದೆ ಅನ್ನುವುದಕ್ಕೆ ‘ಸಿದ್ಧವಾದಾಗ’ ಅಂದರು. ಎಂಥ ಜಾಣ ಉತ್ತರ! ಅದಕ್ಕೇ ಅಂಟಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ನಡುವೆ 2015ರಲ್ಲಿ ಅವರದೇ ವಿಚರ್ 3 ಬಂದು ಎಲ್ಲರ ತಲೆ ಕೆಡಿಸಿತು. ಇವರು ಮುಟ್ಟಿದ್ದೆಲ್ಲ ಚಿನ್ನ ಅಂತಾಯಿತು. ಆಮೇಲೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕಾರ್ಖಾನೆ ಹಗಲು ರಾತ್ರಿ ನಡೆಯಿತು. 2019ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಗೇಮ್ ಪ್ರದರ್ಶನದ ವೇದಿಕೆಗೆ ಹೊಗೆಯ ನಡುವಿನಿಂದ ಗೇಮಿನ ಜಾನಿ ಸಿಲ್ವರ್‌ಹ್ಯಾಂಡ್ ಪಾತ್ರಧಾರಿ, ಸಾಕ್ಷಾತ್ ಕಿಯಾನು ರೀವ್ಸ್ ನಡೆದು ಬಂದ. ಗೇಮಿನ ಊರಾದ ನೈಟ್ ಸಿಟಿಯ ಬೀದಿಗಳಲ್ಲಿ ನಡೆಯುವುದು ಉಸಿರುಗಟ್ಟಿಸುವ ಅನುಭವ ಅಂದ. ಸಭೆಯೊಳಗಿಂದ ಒಬ್ಬ, ಉಸಿರುಗಟ್ಟಿಸುತ್ತಿರುವುದು ನೀನಪ್ಪಾ ಅಂತ ಕೂಗಿದ. ಇವನು ತಿರುಗಿ, ನೀನೂ ಹಾಗೇ, ನೀವೆಲ್ಲರೂ ಹಾಗೇ ಅಂದ. ಕೂಗಿದವನಿಗೆ ಕಂಪನಿ ದುಬಾರಿ ಸಂಗ್ರಹಯೋಗ್ಯ ಆವೃತ್ತಿಯನ್ನು ಪುಕ್ಕಟೆ ಕೊಟ್ಟಿತು. ಮಿಕ್ಕವರು ದುಡ್ಡು ಕೊಟ್ಟು ಕೂಗಿದರು: ಬಿಡುಗಡೆಗೆ ಮೊದಲೇ 80 ಲಕ್ಷ ಪ್ರತಿಗಳಿಗೆ ಮುಂಗಡ ಬುಕಿಂಗ್!

ಡಿಸೆಂಬರ್ 10ರಂದು ಕಂಪ್ಯೂಟರಿನವರಿಗೆ ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆಗೆ ಬಾಗಿಲು ತೆರೆಯಿತು. ಕಾಲೇಜಿಗೆ ಎಂಟಕ್ಕೂ ಏಳದ ಬೆಂಗಳೂರಿನ ಹುಡುಗರು ಅವತ್ತು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದದ್ದಕ್ಕೆ ನನ್ನ ಅಕ್ಕನ ಮಗನೇ ಸಾಕ್ಷಿ. ಅಕ್ಕ ಪಾಪ, ಪರೀಕ್ಷೆಗೆ ಓದುತ್ತಿದ್ದಾನೆ ಅಂದುಕೊಂಡು ಕಾಫಿ ಬೇರೆ ಮಾಡಿ ಕೊಟ್ಟಳು.

ಮೊದಲ ದಿನವೇ ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನಲ್ಲಿ ಏಕಕಾಲಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಆಡಿದರು. ಹೊತ್ತು ಕಳೆದಂತೆ ಅವರಲ್ಲಿ ಜಾತಿಗಳಾದವು. ಹೊಸ ಗ್ರಾಫಿಕ್ಸ್ ಕಾರ್ಡ್ ಇದ್ದವರು ಮೇಲ್ಜಾತಿ: ಮಳೆ ನಿಂತ ರಸ್ತೆಯಲ್ಲಿ ನಿಯಾನ್ ದೀಪದ ಪ್ರತಿಬಿಂಬ ನೋಡಿ, ಆಹಾ, ಇದಲ್ಲವೇ ಭವಿಷ್ಯ ಅಂತ ಫೋಟೊ ತೆಗೆದುಕೊಂಡು ಕೂತರು. ಹಳೆಯ ಪಿಎಸ್4, ಎಕ್ಸ್‌ಬಾಕ್ಸ್ ಒನ್ ಕನ್ಸೋಲ್ ಇದ್ದವರಿಗೆ ಭವಿಷ್ಯ ತಡವರಿಸುತ್ತ ಬಂತು. ಎದುರಿಗೆ ಬಂದವನ ಮುಖ ಮಸುಕು. ಅದು ಸ್ಪಷ್ಟವಾಗುವಷ್ಟರಲ್ಲಿ ಅವನು ಹಿಂದೆ ಉಳಿದಿರುತ್ತಿದ್ದ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನ ಪ್ರತಿ ಮಾತ್ರ, ಹಾಗಾಗಿ ಈ ಬಡಪಾಯಿಗಳನ್ನು ಎಚ್ಚರಿಸುವವರೇ ಇರಲಿಲ್ಲ.

ಬಗ್‌ಗಳ ವೈಭವ ಕೇಳಿ. ನಾಯಕ ಬೈಕ್ ಓಡಿಸುತ್ತಿದ್ದಾನೆ ಅನ್ನುವಷ್ಟರಲ್ಲಿ ಪ್ಯಾಂಟು ಮಾಯ. ಎರಡೂ ಕೈ ಅಗಲಿಸಿ ಸೀಟಿನ ಮೇಲೆ ಶಿಲುಬೆಯಂತೆ ನಿಂತು, ಅದೇ ಭಂಗಿಯಲ್ಲಿ ಗಂಭೀರವಾಗಿ ನಗರ ಸಂಚಾರ. ಪೊಲೀಸರದ್ದು ಇನ್ನೂ ಸೊಗಸು. ಒಂದು ತಪ್ಪು ಮಾಡಿದರೆ ಸಾಕು, ಗಾಡಿಯಿಲ್ಲ, ಸೈರನ್ ಇಲ್ಲ, ನಿಮ್ಮ ಬೆನ್ನ ಹಿಂದೆಯೇ ಗಾಳಿಯಿಂದ ಉದ್ಭವಮೂರ್ತಿಗಳು! ನಾಲ್ಕು ಬೀದಿ ಆಚೆ ಓಡಿದರೆ ಕೇಸು ಖುಲಾಸೆ. ನಮ್ಮ ಠಾಣೆಗಳಲ್ಲೂ ಇಷ್ಟು ಚುರುಕಿಲ್ಲ, ಇಷ್ಟು ಕ್ಷಮಾಗುಣವೂ ಇಲ್ಲ.

ಒಂದೇ ವಾರದಲ್ಲಿ ಪಿಎಸ್4 ಮಾಡಿದ ಸೋನಿ ಈ ಗೇಮನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿ, ಕೇಳಿದವರಿಗೆ ದುಡ್ಡು ವಾಪಸು ಅಂದಿತು. ಅಂಗಡಿಗೆ ಮತ್ತೆ ಬಂದದ್ದು 2021ರ ಜೂನ್‌ನಲ್ಲಿ.

ಇಷ್ಟಾದರೂ ನನಗೆ ಮಜಾ ಕೊಟ್ಟದ್ದು ಗೇಮ್ ಅಲ್ಲ, ಅದನ್ನು ಬೈದವರು. ಸ್ಟೀಮ್‌ನಲ್ಲಿ ಒಂದು ಕೆಟ್ಟ ಪದ್ಧತಿಯಿದೆ. ನಿಮ್ಮ ಅಭಿಪ್ರಾಯದ ಜೊತೆಗೇ ನೀವು ಎಷ್ಟು ಗಂಟೆ ಆಡಿದ್ದೀರಿ ಅನ್ನುವುದನ್ನೂ ತೋರಿಸಿಬಿಡುತ್ತದೆ. ಹೆಬ್ಬೆರಳು ಕೆಳಗೆ, ‘ದುಡ್ಡು ದಂಡ, ಕಾಲಹರಣ’ ಅನ್ನುವ ಧಾಟಿ, ಮೇಲೆ ನೋಡಿದರೆ ನೂರು ಚಿಲ್ಲರೆ ಗಂಟೆ! ಸ್ವಾಮಿ, ಕಾಲಹರಣ ಅಂತ ತಿಳಿಯಲು ನಿಮಗೆ ಅಷ್ಟು ಕಾಲ ಬೇಕಾಯಿತೇ? ಇಂಥವರ ಎದುರು ಪಕ್ಷದಲ್ಲಿ ನಮ್ಮ ಹುಡುಗನಂಥವರು. ಎಷ್ಟು ಕೆಣಕಿದರೂ ಅವನದು ಒಂದೇ ಪಲ್ಲವಿ.

“ನನ್ನ ಪಿಸಿಯಲ್ಲಿ ಏನೂ ಆಗಿಲ್ಲ ಮಾಮ.”

“ಲೋಕವೆಲ್ಲ ಅಳುತ್ತಿದೆಯಲ್ಲೋ?”

“ನೀವು ಜಾನಿ ಸಿಲ್ವರ್‌ಹ್ಯಾಂಡ್ ಕಥೆ ನೋಡಿ ಮಾಮ, ಆಮೇಲೆ ಮಾತಾಡಿ.”

ಬೈದವರದೂ ಸುಳ್ಳಲ್ಲ, ಇವನದೂ ಸುಳ್ಳಲ್ಲ. ಕೆಟ್ಟ ಸರಕು ಮಾರಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಚೆನ್ನಾಗಿ ಓಡುವ ಯಂತ್ರವಿದ್ದೂ ಮುಖ ಸಿಂಡರಿಸಿದವರ ಕಥೆಯೇ ಬೇರೆ. ಎಂಟು ವರ್ಷ ಅವರು ತಲೆಯೊಳಗೇ ಒಂದು ನೈಟ್ ಸಿಟಿ ಕಟ್ಟಿಕೊಂಡಿದ್ದರು. ಅಲ್ಲಿ ಪ್ರತಿ ಬಾಗಿಲೂ ತೆರೆಯುತ್ತಿತ್ತು, ದಾರಿಹೋಕನಿಗೂ ಒಂದು ಸಂಸಾರವಿತ್ತು, ಎಲ್ಲಿ ಬೇಕೆಂದರಲ್ಲಿ ಕ್ಷೌರ ಮಾಡಿಸಬಹುದಿತ್ತು. ನಗಬೇಡಿ, ಆಟದ ನಡುವೆ ಕೂದಲ ಶೈಲಿ ಬದಲಿಸಲು ಆಗುವುದಿಲ್ಲ ಅನ್ನುವುದು ದೊಡ್ಡ ದೂರಾಗಿತ್ತು! ಕೈ ಕಾಲಿಗೆಲ್ಲ ಯಂತ್ರ ಜೋಡಿಸಿಕೊಳ್ಳುವ ಊರಲ್ಲಿ ಒಬ್ಬ ಕ್ಷೌರಿಕ ಇರಲಿಲ್ಲ. ತಲೆಯೊಳಗಿನ ಆ ಊರಿನ ಜೊತೆ ಯಾವ ಕಂಪನಿ ಪೈಪೋಟಿ ಮಾಡೀತು?

ಪೋಲೆಂಡಿನವರು ಓಡಿಹೋಗಲಿಲ್ಲ ಅನ್ನುವುದನ್ನು ಮೆಚ್ಚಲೇಬೇಕು. ಪ್ಯಾಚ್ ಮೇಲೆ ಪ್ಯಾಚ್ ಹಾಕಿದರು. ಕನ್ನಡಿ ಮುಂದೆ ನಿಂತು ಕೂದಲು ಬದಲಿಸುವ ಭಾಗ್ಯವೂ ಬಂತು. 2022ರಲ್ಲಿ ಇದೇ ಗೇಮಿನ ಲೋಕದ ಎಡ್ಜ್‌ರನ್ನರ್ಸ್ ಅನ್ನುವ ಅನಿಮೆ ನೆಟ್‌ಫ್ಲಿಕ್ಸ್‌ಗೆ ಬಂದದ್ದೇ, ಬಿಟ್ಟು ಹೋದವರೆಲ್ಲ ಮೆಲ್ಲಗೆ ಮರಳಿದರು. 2023ರ ಸೆಪ್ಟೆಂಬರ್‌ನಲ್ಲಿ 2.0 ಪ್ಯಾಚ್ ಬಂದು ಪೊಲೀಸರಿಗೆ ಕೊನೆಗೂ ಗಾಡಿ ಬೆನ್ನಟ್ಟಲು ಬಂತು. ಹಿಂದೆಯೇ ನಟ ಇಡ್ರಿಸ್ ಎಲ್ಬಾ ಇರುವ ಫ್ಯಾಂಟಮ್ ಲಿಬರ್ಟಿ ಅನ್ನುವ ವಿಸ್ತರಣೆ ಬಂದಾಗ, ಬೈದ ಬಾಯಿಗಳೇ ಇದು ಮಾಸ್ಟರ್‌ಪೀಸ್, ನಮಗೆ ಮೊದಲೇ ಗೊತ್ತಿತ್ತು ಅಂದವು.

ಅದೇ ವರ್ಷದ ಡಿಸೆಂಬರ್‌ನಲ್ಲಿ ನೈಟ್ ಸಿಟಿಯೊಳಗೆ ಮೆಟ್ರೋ ರೈಲೂ ಓಡಿತು. 2018ರ ಟ್ರೇಲರ್‌ನಲ್ಲಿ ನಾಯಕ ಕೂತು ಬಂದ ರೈಲು ಅದು. ಬಿಡುಗಡೆಯ ದಿನ ಹುಡುಕಿದರೆ ನಿಲ್ದಾಣಗಳಿದ್ದವು, ಹತ್ತಲು ರೈಲಿರಲಿಲ್ಲ. ಮೂರು ವರ್ಷ ತಡವಾಗಿ ಬಂದ ರೈಲಿಗೂ ಎರಡು ಪಕ್ಷ: ಈಗ ಯಾರಿಗೆ ಬೇಕಿತ್ತು ಅನ್ನುವವರು, ಜನ್ಮ ಸಾರ್ಥಕವಾಯಿತು ಅನ್ನುವವರು. ನಮ್ಮವನು ಎರಡನೆಯ ಪಕ್ಷ. ಗುಂಡಿಲ್ಲ, ಜಗಳವಿಲ್ಲ, ಅರ್ಧ ಗಂಟೆ ಸುಮ್ಮನೆ ಕಿಟಕಿ ಪಕ್ಕ ಕೂತು ಊರೆಲ್ಲ ಸುತ್ತಿ, ಹತ್ತಿದ ನಿಲ್ದಾಣದಲ್ಲೇ ಇಳಿಯುತ್ತಾನೆ.

“ನಮ್ಮ ಮೆಟ್ರೋ ಮನೆ ಮುಂದೆಯೇ ಹೋಗುತ್ತದೆ, ಒಂದು ದಿನ ಹತ್ತಿದ್ದೀಯೇನೋ?” ಅಂತ ಕೇಳಿದೆ.

“ಅದರಲ್ಲಿ ಸೀಟು ಸಿಗಲ್ಲ ಮಾಮ,” ಅಂದ.